ಕಾರ್ಡಿನ ಕೆಳಗೆ ಹಸಿರು ಪೊಟ್ಟಣ

ಯೋಂಗ್‌ಕುನ್, ಎದ್ದ ಕೂಡಲೇ ಅಂಗಡಿಯವನಿಗೆ ಫೋನ್ ಮಾಡಿ ಆ ಗ್ರಾಫಿಕ್ಸ್ ಕಾರ್ಡ್ ಬೇಡ ಎನ್ನು.

ನೀನು ಹೇಳಿದಂತೆ ಅಳತೆ ತೆಗೆಯಲು ಅಪ್ಪನ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಒಳಗೆ, ಹಳೆಯ ಕಾರ್ಡಿನ ಫ್ಯಾನಿಗೆ ಒತ್ತಿಕೊಂಡು, ಹಸಿರು ಗುವಾಯ್‌ಗುವಾಯ್ ತಿಂಡಿಯ ಪೊಟ್ಟಣ ಕೂತಿದೆ! ಹೆಸರಿನಂತೆಯೇ ಯಂತ್ರವೂ ಜಾಣಮರಿಯಾಗಿ ಹೇಳಿದ ಮಾತು ಕೇಳಲಿ ಎಂದು ಊರೆಲ್ಲ ಅದನ್ನು ಯಂತ್ರದ ಮೇಲಿಡುತ್ತದೆ. ಯಂತ್ರದ ಹೊಟ್ಟೆಯೊಳಗೆ ತುರುಕಿದವರನ್ನು ನಾನೆಲ್ಲೂ ಕಂಡಿಲ್ಲ. ಅದೂ ಅವಧಿ ಮುಗಿದು ಎರಡು ವರ್ಷವಾದದ್ದು! ಕಾರ್ಡು ಗಾಳಿಯಿಲ್ಲದೆ ಬೇಯುತ್ತಿತ್ತು. ನಾವು ಅದಕ್ಕೆ ಮುಪ್ಪು ಬಂತೆಂದು ಬೈಯುತ್ತಿದ್ದೆವು.

ಅಪ್ಪನನ್ನು ಕೇಳಿದರೆ, "ಮೇಲಿಟ್ರೆ ನಿನ್ ತಮ್ಮ ತಿಂದ್ಬಿಡ್ತಾನಲ್ಲ, ಅದಕ್ಕೇ ಒಳಗಿಟ್ಟೆ ಕಣೇ" ಎಂದರು. ಮೂರು ಪೊಟ್ಟಣ ತಿಂದಿದ್ದೀಯಂತೆ. ನಾಚಿಕೆಗೇಡಿ!

ಅದನ್ನು ತೆಗೆದು, ಧೂಳು ಒರೆಸಿ, ನಡುನಡುವೆ ನಿಂತುಬಿಡುತ್ತಿದ್ದ ಅಪ್ಪನ ಬಸ್ ಆಟ ಹಾಕಿಕೊಟ್ಟೆ. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಪರದೆಯ ಮೇಲಿನ ಬಸ್ಸನ್ನು ಅಲಿಶಾನ್ ಬೆಟ್ಟದ ತಿರುವುಗಳಲ್ಲಿ ಒಮ್ಮೆಯೂ ನಿಲ್ಲದೆ ಹತ್ತಿಸಿದರು.

ನೀನು ಆರಿಸಿದ ಕಾರ್ಡು ಮೂವತ್ತೊಂದು ಸೆಂಟಿಮೀಟರ್. ಒಳಗಿರುವ ಜಾಗ ಇಪ್ಪತ್ತಾರು. ಒಳಗೆ ಹಿಡಿಸದಿದ್ದರೆ ಕಂಪ್ಯೂಟರಿನ ಡಬ್ಬವನ್ನೇ ಎಸೆಯೋಣ ಎಂದೆಯಲ್ಲ, ಅದನ್ನು ಕೇಳಿದಾಗಿನಿಂದ ಅಪ್ಪ ಸರಿಯಾಗಿ ಊಟ ಮಾಡಿಲ್ಲ. ಮುಂದೆಂದಾದರೂ ಕಾರ್ಡು ಬೇಕಾದರೆ ಎರಡು ಫ್ಯಾನಿನ ಗಿಡ್ಡದ್ದನ್ನೇ ನೋಡು.

ನಾನು ಕೆಲಸಕ್ಕೆ ಹೊರಟೆ. ಹೊಸ ಹಸಿರು ಪೊಟ್ಟಣವನ್ನು ಕಂಪ್ಯೂಟರಿನ ಮೇಲಿಟ್ಟಿದ್ದೇನೆ, ಮುಟ್ಟಿದರೆ ಕೈ ಮುರಿಯುತ್ತೇನೆ. ಅನ್ನದ ಕುಕ್ಕರಿನ ಪಕ್ಕ ಯಂತ್ರಕ್ಕೆ ಆಗದ ಹಳದಿಯದೊಂದು ಇದೆ. ಅದು ನಿನಗೆ.

ಅಕ್ಕ