ಗೂಡುಗರುಳು

ಹಾವೇರಿ,
ಮಘಾ ಮಳೆಯ ನಲವತ್ತನೆಯ ದಿನ, ಕ್ರಿ.ಶ. ೨೧೯೧

ನಮಗಿಂತ ಹಿಂದೆ ಬಾಳುತ್ತಿರುವ ಹಿರಿಯರಿಗೆ,

ಮಘಾ ಮಳೆಗೆ ನಲವತ್ತು ದಿನಗಳೆಲ್ಲಿಯವೆಂದು ಹುಬ್ಬೇರಿಸಬೇಡಿ; ನಮ್ಮ ಕಾಲದ ಮಳೆಗಳು ಪಂಚಾಂಗದ ಮಾತು ಕೇಳುವುದಿಲ್ಲ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು. ಜೀವಮಾನವಿಡೀ ಕನ್ನಡ ಕಲಿಸಿದವನು ನಾನು; ಆದರೂ ಈ ಹೊತ್ತು ವಾಕ್ಯಗಳು ನನ್ನ ಅಂಕೆಯಲ್ಲಿಲ್ಲ. ಕ್ಷಮಿಸಿ.

ಹದಿನಾಲ್ಕು ವರ್ಷದ ನನ್ನ ಮೊಮ್ಮಗಳು ಚಂಪಾವತಿ ನಿನ್ನೆ ಶಸ್ತ್ರಚಿಕಿತ್ಸೆಗೊಳಗಾಗಿ, ಈ ಆಸ್ಪತ್ರೆಯ ಕೋಣೆಯಲ್ಲಿ ನನ್ನೆದುರಿನ ಮಂಚದ ಮೇಲೆ ಮಲಗಿದ್ದಾಳೆ. ಅವಳ ಕರುಳು ಎಚ್ಚರಗೊಳ್ಳಲೆಂದು ಕಾಯುತ್ತಿದ್ದೇವೆ.

ನಮ್ಮಲ್ಲಿ ಮನೆಮನೆಗೂ ಒಡಲಗನ್ನಡಿಯಿದೆ: ಹೊಟ್ಟೆಯ ಮೇಲಿಟ್ಟರೆ ಒಳಗಿನ ಅಂಗವನ್ನು ತೋರಿಸುವ ಅಂಗೈಯಗಲದ ಗಾಜು. ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕದಲ್ಲಿ ಅದರ ಜಾಗ. ಆದರೆ ಅದು ಕೇಳಿದ ಅಂಗವನ್ನಷ್ಟೇ ತೋರಿಸುತ್ತದೆ. ಚಂಪಾ ಮೈನೆರೆದಾಗಿನಿಂದ ಆಗಾಗ ಹೊಟ್ಟೆ ಹಿಡಿದುಕೊಂಡು ಮುದುಡುತ್ತಿದ್ದಳು, ಹಸಿರಾಗಿ ಕಕ್ಕುತ್ತಿದ್ದಳು. ನನ್ನ ಅಕ್ಕ ಶಾಂತವ್ವ ಪ್ರತಿಸಲವೂ ಗರ್ಭಕೋಶವನ್ನಷ್ಟೇ ಕೇಳಿದಳು, ಗಾಜು ನಿರ್ಮಲವೆಂದಿತು. "ಹೆಣ್ಣಿನ ಹೊಟ್ಟಿಬ್ಯಾನಿ ಐತಿ ತಗೋ. ಎಳ್ಳು ಬೆಲ್ಲ ತಿನ್ನು, ತಾನ ಇಳೀತೈತಿ" ಎಂದು ಚಿಗಳಿಯುಂಡೆ ತಿನ್ನಿಸಿದಳು. "ಅಜ್ಜೀ, ಇದು ಆ ಬ್ಯಾನಿ ಅಲ್ಲಬೇ" ಎಂದು ಹುಡುಗಿ ಹೇಳುತ್ತಲೇ ಇದ್ದಳು. ಮೊನ್ನೆ ಹೊಟ್ಟೆ ಉಬ್ಬಿ, ಮಲವೂ ಗಾಳಿಯೂ ನಿಂತುಹೋದವು.

ಶಸ್ತ್ರವೈದ್ಯೆ ಸಕೀನಾ ತೆರೆದು ನೋಡಿದಾಗ ಸಣ್ಣಕರುಳು ಬಿಳಿಯ ಪೊರೆಯೊಂದರೊಳಗೆ, ಗೂಡಿನೊಳಗಿನ ರೇಷ್ಮೆಹುಳುವಿನಂತೆ, ಸಿಕ್ಕಿಬಿದ್ದಿತ್ತಂತೆ. ಇದಕ್ಕೆ ಗೂಡುಗರುಳು ಎನ್ನುತ್ತೇವೆ. ಅಪರೂಪಕ್ಕೆ ಹರೆಯದ ಹುಡುಗಿಯರಲ್ಲಿ ಕಾಣುತ್ತದೆ. ಕರುಳಿಗೆ ತೂತು ಬೀಳದಂತೆ ಆಕೆ ಪೊರೆಯನ್ನು ಸುಲಿದು, ಅಂಟುಗಳನ್ನು ಒಂದೊಂದಾಗಿ ಬಿಡಿಸಿದರು. ಕರುಳು ಕಪ್ಪಾಗಿ ಸತ್ತಿರಲಿಲ್ಲವಾದ್ದರಿಂದ ಕತ್ತರಿಸಬೇಕಾಗಲಿಲ್ಲ. "ಗಾಳಿ ಸರಿದರ ಗೆದ್ದಂಗ್ರೀ ಸರ್. ಅಲ್ಲೀತನಕ ಧೈರ್ಯ ಹೇಳಾಕ ಬರೂದಿಲ್ಲ" ಎಂದರು.

ಬರೆಯಲು ಸಂಕೋಚವಾಗುತ್ತದೆ: ಒಂದು ಅಪಾನವಾಯುವಿಗಾಗಿ ಇಡೀ ಮನೆತನ ಕಿವಿ ನಿಮಿರಿಸಿ ಕುಳಿತಿದೆ. ಶಾಂತವ್ವ ಬಸವಣ್ಣನಿಗೆ ಹರಕೆ ಹೊತ್ತಿದ್ದಾಳೆ. ನಾನು ಏಳುತ್ತೇನೆ, ಕೂರುತ್ತೇನೆ, ಬರೆದುದನ್ನೇ ತಿದ್ದುತ್ತೇನೆ.

ಇದೀಗ ಹೊದಿಕೆಯೊಳಗಿಂದ ಸದ್ದಾಯಿತು. ಶಾಂತವ್ವ ಕೈಮುಗಿದು ಅತ್ತೇಬಿಟ್ಟಳು. ಚಂಪಾ ಕಣ್ಣು ತೆರೆಯದೆಯೇ "ಅಜ್ಜಾ, ಇದಕ್ಕ ಎಷ್ಟು ಮಾರ್ಕ್ಸ್ ಹಾಕ್ತೀ?" ಎಂದಳು. ಯಾರಿಗೂ ಎಂದೂ ಕೊಡದ ನೂರಕ್ಕೆ ನೂರನ್ನು ಕೊಟ್ಟೆ.

ಹಿರಿಯರೇ, ನಿಮ್ಮ ಮನೆಯ ಹುಡುಗಿ "ಇದು ಆ ನೋವಲ್ಲ" ಎಂದರೆ, ಹಾಗಾದರೆ ಎಂಥದ್ದು ಎಂದು ಅವಳನ್ನೇ ಕೇಳಿ. ಚಿಗಳಿಯುಂಡೆ ನಿಮ್ಮಿಂದಲೇ ನಮಗೆ ಇಳಿದುಬಂದಿದೆ. ಈ ಪ್ರಶ್ನೆಯೂ ಇಳಿದುಬರಲಿ.

ನಿಮ್ಮವನು,
ರುದ್ರಗೌಡ ಮುಷ್ಟಿಗೇರಿ
ನಿವೃತ್ತ ಕನ್ನಡ ಅಧ್ಯಾಪಕ