ಬಾವಿಯೊಳಗಿನ ಅಧ್ಯಾಯ

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಲಂಗೋಚಿಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ, ಪ್ರೆಸ್ಸಿನ ಕುರ್ಚಿಯ ದಯೆಯಿಂದ ನನ್ನ ಬೆನ್ನು ಮಾತ್ರ ಪ್ರಶ್ನಾರ್ಥಕ ಚಿಹ್ನೆಯಾಗುತ್ತಿದೆ. ನಿನ್ನ ಕಾಗದ ಬಂದು ತಿಂಗಳು ಕಳೆಯಿತು. ತಡವಾಯಿತು, ತಪ್ಪಾಯಿತು. ನೋಡು, ಕ್ಷಮೆ ಕೇಳುವಾಗಲೂ ಪ್ರಾಸ ನನ್ನನ್ನು ಬಿಡುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನೀನು ಪುಸ್ತಕದ ಹಾಗೆ ಫೋನನ್ನೂ ಅರ್ಧಕ್ಕೇ ಇಡುವವಳು.

"ಇನ್ಮೇಲೆ ನನಗೆ ಪುಸ್ತಕ ಕಳಿಸಬೇಡ ಕಣೋ. ಅರ್ಧಕ್ಕೆ ಬಿಡೋಳಿಗೆ ಯಾಕೆ ದಂಡ? ಓದೋದನ್ನೇ ನಿಲ್ಲಿಸಿದೀನಿ" ಎಂದು ನೀನು ಬರೆದಿದ್ದೆ. ಕಾರಣ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ನನ್ನ ಮಗಳು ಡಿಗ್ರಿ ಮುಗಿಸಿದ ಖುಷಿಗೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಸೋದರಮಾವ ಅವಳ ಬೆನ್ನು ತಟ್ಟಿ ಹೇಳಿದ್ದನಲ್ಲ, "ನೀನು ನಮ್ಮ ಅರ್ಧಮ್ಮನ ಥರ ಅಲ್ಲ ಬಿಡು. ಅವಳು ಒಂದು ಪುಸ್ತಕಾನೂ ಮುಗಿಸಿಲ್ಲ, ಸ್ಕೂಲೂ ಮುಗಿಸಿಲ್ಲ!" ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಕೈ ತೊಳೆಯಲು ಎದ್ದೆ.

ನಿನ್ನ ಕಾಗದ ಬಂದಾಗ, ಆಗಲಿ, ಅಕ್ಕನ ಇಷ್ಟ ಅಂದುಕೊಂಡೆ. ಆದರೆ ಹೋದ ವಾರ ಪ್ರೆಸ್ಸಿನಲ್ಲಿ ಒಂದು ಘಟನೆ ನಡೆಯಿತು. ಅದನ್ನು ಓದಿದ ಮೇಲೆ ನೀನೇ ತೀರ್ಮಾನ ಮಾಡು. ದಯವಿಟ್ಟು ಇದೊಂದನ್ನು ಕೊನೆಯವರೆಗೂ ಓದು.

ಕರಡು ತಿದ್ದುವವನಿಗೆ ಪುಸ್ತಕವನ್ನು ನಡುವೆ ಬಿಡುವ ಹಕ್ಕಿಲ್ಲ. ಲೇಖಕನೇ ಬೇಸತ್ತು ಬರೆದ ಪುಟವನ್ನೂ ನಾನು ಎರಡು ಸಲ ಓದಬೇಕು. ಸುಖಾಂತವೋ ದುಃಖಾಂತವೋ, ನನಗೆ ಬೇಕಾದ್ದು ಶುದ್ಧಾಂತ. ಹಾಗಿರುವಾಗ ಮರುಮುದ್ರಣಕ್ಕೆಂದು ನನ್ನ ಮೇಜಿಗೆ ಬಂತು, ಬಾವಿ ತೋಡುವವನ ಆ ಹಳೇ ಕಾದಂಬರಿ. ನೆನಪಿದೆಯಾ? ನನಗಾಗ ಏಳು ವರ್ಷ. ಮರದಿಂದ ಬಿದ್ದು ಕಾಲಿನ ಎಲುಬು ಕೂಡದೆ, ಪ್ಲಾಸ್ಟರ್ ಬಿಚ್ಚುವುದು, ಮತ್ತೆ ಹಾಕುವುದು, ವರ್ಷವಿಡೀ ಮಂಚವೇ ಪ್ರಪಂಚ. ನೀನು ಕಿಟಕಿಯ ಕಟ್ಟೆಯ ಮೇಲೆ ಮಂಡಿ ಮಡಚಿ ಕೂತು ಓದಿ ಹೇಳುತ್ತಿದ್ದೆ.

ಆ ಕಾದಂಬರಿಯ ಒಂದು ಅಧ್ಯಾಯ ನನಗೆ ಇವತ್ತಿಗೂ ಬಾಯಿಪಾಠ. ಬಾವಿ ತೋಡುವವನು ತೀರಾ ಆಳಕ್ಕೆ ಇಳಿದು ತಲೆ ಎತ್ತಿದರೆ, ಮೇಲಿನ ಆ ಬಿಲ್ಲೆಯಷ್ಟು ಆಕಾಶದಲ್ಲಿ ನಡುಮಧ್ಯಾಹ್ನ ನಕ್ಷತ್ರ! ಮೇಲೆ ಬಂದು ಯಾರಿಗೂ ಹೇಳುವುದಿಲ್ಲ. ಮರುದಿನ ಮಗಳ ಸೊಂಟಕ್ಕೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸುತ್ತಾನೆ. ತಳದಿಂದ ಅವಳ ದನಿ ಬರುತ್ತದೆ, "ಅಪ್ಪಾ, ಇವು ಹಗಲೂ ಇಲ್ಲೇ ಇರ್ತವಾ?" ಅವನು ಹೇಳುತ್ತಾನೆ, "ಎಲ್ಲೂ ಹೋಗಿರಲ್ಲ ಮಗಳೇ. ಬೆಳಕು ಜಾಸ್ತಿ, ಅಷ್ಟೇ."

ಈ ಒಂದು ಅಧ್ಯಾಯದ ಆಸೆಗೆ ಉಳಿದ ಸಪ್ಪೆ ಪುಟಗಳನ್ನೆಲ್ಲ ಸಹಿಸುತ್ತ ಬಂದೆ. ಈಗ ಬರುತ್ತದೆ, ಇನ್ನೇನು ಬಂತು ಎಂದು ಕಾದೆ. ಬಂದದ್ದೇನು? ಬಾವಿ ತೋಡುವವನು ದಡದಲ್ಲಿ ನಿಂತು ಯುವಜನತೆಗೆ ಪುಟಗಟ್ಟಲೆ ಉಪದೇಶ ಮಾಡುತ್ತಾನೆ. ಪುಸ್ತಕ ಮುಗಿಯುತ್ತದೆ.

ನಾನು ಕೆಂಪು ಪೆನ್ನಿನಲ್ಲಿ "ಇಲ್ಲಿ ಒಂದು ಅಧ್ಯಾಯ ಬಿಟ್ಟುಹೋಗಿದೆ" ಎಂದು ಬರೆದು ಟೈಪಿಂಗ್ ಮೇಡಂ ಮುಂದೆ ಹಿಡಿದೆ.

"ಸಾರ್, ನಾನು ಕಾಮಾ ಬಿಡ್ತೀನಿ, ಒಂದೊಂದ್ಸಲ ಒತ್ತೂ ಬಿಡ್ತೀನಿ. ಅಧ್ಯಾಯ ಬಿಡೋರು ಓದುಗರು, ನಾನಲ್ಲ" ಅಂದರು.

ನಾನು ಬಿಡಲಿಲ್ಲ. ದನಿ ಏರಿತು. ಯಜಮಾನರು ಒಳಗಿನಿಂದ ಬಂದರು. "ಏನ್ರೀ ಇದು, ಹೆಂಡತಿ ಹತ್ರಾನೂ ಹೀಗೆ ಕೂಗಿದೋರಲ್ಲ ನೀವು!" ಎಂದು ಕಪಾಟಿನಿಂದ ಮೊದಲ ಮುದ್ರಣದ ಪ್ರತಿ ತೆಗೆದರು. ಮೂವರೂ ತಲೆ ತಾಗಿಸಿಕೊಂಡು ನೋಡಿದೆವು. ಒಂದು ಪುಟವೂ ಹರಿದಿಲ್ಲ, ಪುಟಸಂಖ್ಯೆ ಎಲ್ಲೂ ತಪ್ಪಿಲ್ಲ. ನಕ್ಷತ್ರವೂ ಇಲ್ಲ, ಹಗ್ಗವೂ ಇಲ್ಲ. ಅವನಿಗೆ ಮಗಳೇ ಇಲ್ಲ, ಅಕ್ಕ.

"ಏನಿತ್ತು ಅಂತೀರಿ ಅದರಲ್ಲಿ?" ಎಂದರು ಯಜಮಾನರು. ಹೇಳಿದೆ. ನೀನು ಹೇಳಿದ್ದಂತೆಯೇ, ಹಗ್ಗ ಇಳಿಬಿಡುವ ಕಡೆ ದನಿ ತಗ್ಗಿಸಿ. ಮುಗಿದಾಗ ಮೇಡಂ ಕೈ ಕೀಬೋರ್ಡ್ ಬಿಟ್ಟು ಮಡಿಲಲ್ಲಿತ್ತು. ಯಜಮಾನರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳುವುದನ್ನು ಮರೆತರು. ಆಗ ಹೊಳೆಯಿತು ನನಗೆ. ಸಂಜೆ ಲೈಬ್ರರಿಗೆ ಓಡಿದೆ. ಆ ವರ್ಷ ನೀನು ಓದಿ ಹೇಳಿದ್ದ ಅಳುವ ಕುದುರೆ, ಕ್ಷಮೆ ಕೇಳುವ ಜಡ್ಜು, ಗಡಿಯಾರದೊಳಗೆ ಮನೆ ಮಾಡಿದ ಅಜ್ಜಿ, ಎಲ್ಲವನ್ನೂ ಅವರವರ ಪುಸ್ತಕಗಳಲ್ಲಿ ಹುಡುಕಿದೆ. ಯಾರೂ ಇಲ್ಲ.

ಪುಸ್ತಕ ಸಪ್ಪೆಯಾದ ಕೂಡಲೇ ನೀನು ಅದನ್ನು ಬಿಟ್ಟುಬಿಡುತ್ತಿದ್ದೆ. ಆದರೆ ಮಂಚದ ಮೇಲಿದ್ದ ನನ್ನನ್ನು ಬಿಡುವ ಹಾಗಿರಲಿಲ್ಲ. ಅದಕ್ಕೇ ಕಣ್ಣು ಹಾಳೆಯ ಮೇಲಿಟ್ಟು, ಸರಿಯಾದ ಹೊತ್ತಿಗೆ ಪುಟ ಮಗುಚುತ್ತ, ಇಲ್ಲದ್ದನ್ನು ಓದಿದೆ. ಹದಿಮೂರು ವರ್ಷದ ಹುಡುಗಿ! ಒಂದು ಸಲವೂ ತಡವರಿಸಲಿಲ್ಲ. ಅಕ್ಕ, ನಾನು ಇಷ್ಟು ವರ್ಷ ಅಕ್ಷರ ನೋಡಿದವನು, ಬರೆಯುವವರನ್ನು ಹತ್ತಿರದಿಂದ ಕಂಡವನು. ಅವತ್ತು ಲೈಬ್ರರಿಯ ಬಾಗಿಲು ಹಾಕುವವರೆಗೂ ಮೆಟ್ಟಿಲ ಮೇಲೆ ಕೂತು ನಿನ್ನ ಕಥೆಗಳನ್ನು ಒಂದೊಂದಾಗಿ ಎಣಿಸಿದೆ. ಆ ಪುಸ್ತಕಗಳು ನಿನಗೆ ಸಾಲದೆ ಹೋದವು, ಅಷ್ಟೇ. ಅದಕ್ಕೆ ನೀನು ಅರ್ಧಮ್ಮ ಹೇಗಾಗುತ್ತೀಯೆ? ಅರ್ಧವಾಗಿದ್ದದ್ದು ಅವು.

ಇನ್ನೊಂದು ಮಾತು. ಮೇಡಂ ಬಿಡದೆ ಕೇಳಿದರು, "ಆಮೇಲೆ ಆ ಹುಡುಗಿ ಮೇಲೆ ಬಂದ್ಲಾ ಸಾರ್?" ನೀನು ಅಲ್ಲಿಗೆ ಬರುವಷ್ಟರಲ್ಲಿ ಮಂಚದ ಮೇಲೆ ನನಗೆ ನಿದ್ದೆ ಬಂದಿತ್ತು. ನಮ್ಮ ಪ್ರೆಸ್ಸಿನಲ್ಲಿ ಈಗ ದಿನವೂ ಇದೇ ಮಾತು. ನೀನು ಬರೆದು ಕಳಿಸು. ಹಾಳೆ, ಪೆನ್ನು ಇದರ ಜೊತೆಗೇ ಇಟ್ಟಿದ್ದೇನೆ. ಪುಸ್ತಕ ಇಟ್ಟಿಲ್ಲ, ಹೆದರಬೇಡ. ನಿನಗೆ ಸಾಲುವಂಥದ್ದು ಸಿಕ್ಕಾಗ ಕಳಿಸುತ್ತೇನೆ; ಸಾಲದಿದ್ದರೆ ಎತ್ತಿ ಬಿಸಾಡು, ಕಥೆ ನನಗೆ ಹೇಳು.

ಭಾವನಿಗೆ ನಮಸ್ಕಾರ. ನನ್ನ ತಲೆಯ ಮೇಲೆ ನಿನ್ನ ಕೈಯಿರಲಿ. ಕೂದಲು ಕಡಿಮೆಯಾಗಿದೆ, ಜಾಗ ಧಾರಾಳವಾಗಿದೆ.

ಇಂತಿ ನಿನ್ನ
ಬಾಲಂಗೋಚಿ

ಮರೆತ ಮಾತು: ನಿನ್ನೆ ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. "ಅಕ್ಕ ಓದು ಬಿಟ್ಟದ್ದು ಯಾವ ಕ್ಲಾಸಿಗೆ?" ಎಂದು ಸುಮ್ಮನೆ ಕೇಳಿದೆ. ಅವರು ಕೈಯಲ್ಲಿದ್ದ ಹೂವಿನ ದಾರ ಕೆಳಗಿಟ್ಟರು. ಆಮೇಲೆ, "ಅವಳೆಲ್ಲೋ ಬಿಟ್ಲು? ನಿಮ್ಮಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋರು. ಮಂಚದ ಪಕ್ಕ ಕೂರೋಕೆ ನಿನಗೊಬ್ಬರು ಬೇಕಿತ್ತು. ಸ್ಕೂಲ್ ಚೀಲ ಎದೆಗೆ ಅವಚಿಕೊಂಡು ಬಾಗಿಲ ಹಿಂದೆ ನಿಂತಿದ್ಲು, ಕೊಡಲ್ಲ ಅಂತ. ನಾನೇ ಕಿತ್ಕೊಂಡೆ ಕಣೋ" ಅಂದರು.

ಅಕ್ಕ ಓದು ಬಿಟ್ಟಳು. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಈ ವಾಕ್ಯದಲ್ಲಿ ಒಂದು ತಪ್ಪಿದೆಯೆಂದು, ತಪ್ಪು ಹುಡುಕಿಯೇ ಅನ್ನ ತಿನ್ನುವ ನನ್ನ ಕಣ್ಣಿಗೆ ಇಷ್ಟು ವರ್ಷ ಬೀಳಲಿಲ್ಲ. ಈಗ ತಿದ್ದಿದ್ದೇನೆ, ನೋಡು:

ಬಿಟ್ಟಳು ಅಲ್ಲ. ಬಿಡಿಸಿದರು.