ಗೆರೆ ದಾಟಿದ ಜೀಪು

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ಈ ಕೆಲಸ ಇಷ್ಟ. ಶಾಲೆ ಬಿಟ್ಟು ಅಲೆಯುತ್ತಿದ್ದವಳನ್ನು ನಿನ್ನ ಗಂಡ ವಿಮಾನ ನಿಲ್ದಾಣಕ್ಕೆ ಸೇರಿಸಿದಾಗಿನಿಂದ, ರನ್‌ವೇ ಮೇಲಿನ ಹಕ್ಕಿ ಓಡಿಸೋದೂ ಒಂದು ಕೆಲಸವಾ ಎಂದು ಗೊಣಗುತ್ತಲೇ ಬಂದೆ. ನಿನ್ನೆದುರು ಸೋಲಬಾರದೆಂಬ ಹಟ, ಅಷ್ಟೆ. ಒದ್ದೆ ಹುಲ್ಲಿನ ಪಕ್ಕ ಜೀಪು ಓಡಿಸುತ್ತ ಹದ್ದುಗಳನ್ನು ಎಬ್ಬಿಸುವುದು ಬಿಟ್ಟು ನನಗೆ ಬೇರೇನೂ ಬೇಡ.

ಆದರೂ ನೀನು ಅಮ್ಮನ ಮನೆಯಿಂದ ಫೋನಿನಲ್ಲಿ ಹೇಳಿದ್ದು ನನ್ನಿಂದಾಗದು. ವಿಚಾರಣೆಯಲ್ಲಿ ಜೀಪಿನ ಬ್ರೇಕ್ ಹಿಡೀಲಿಲ್ಲ ಅಂದ್ಬಿಡೇ, ನೀನೂ ನಿಮ್ಮ ಭಾವನೂ ಇಬ್ರೂ ಬಚಾವಾಗ್ತೀರಿ, ನನ್ನ ಮಗೂ ಮುಖ ನೋಡಿಯಾದ್ರೂ ಹೇಳೇ ಅಂದೆಯಲ್ಲ. ಬ್ರೇಕ್ ಚೆನ್ನಾಗಿತ್ತು ಅಕ್ಕಾ. ಮೆಕ್ಯಾನಿಕ್ ಹಿಂದಿನ ದಿನವೇ ಹೊಸದು ಹಾಕಿದ್ದ. ನಮ್ಮ ತಪ್ಪನ್ನು ಅವನ ತಲೆಗೆ ಕಟ್ಟಲಾ?

ಕೆಟ್ಟಿದ್ದು ನಮ್ಮ ಅಭ್ಯಾಸ. ನಿಯಮದ ಪ್ರಕಾರ, ನಿಯಂತ್ರಣ ಗೋಪುರದಿಂದ ಭಾವ ರೇಡಿಯೊದಲ್ಲಿ ಏನು ಹೇಳಿದರೂ ನಾನು ಅದನ್ನು ಪೂರ್ತಿ ತಿರುಗಿ ಹೇಳಬೇಕು, ಅವರು ಕೇಳಿ ಸರಿ ಅನ್ನಬೇಕು. ಉಳಿದ ಡ್ರೈವರುಗಳನ್ನು ಹಾಗೆ ತಿರುಗಿ ಹೇಳುವವರೆಗೆ ಅವರು ಬಿಡುವುದೇ ಇಲ್ಲ. ನನ್ನನ್ನು ಮಾತ್ರ ಜೀಪಿನ ನಂಬರಿನ ಬದಲು ಮನೆಯಲ್ಲಿ ಕರೆದಂತೆ ಚಂಡಿ ಅನ್ನುತ್ತಿದ್ದರು, ನಾನು ಹ್ಞೂಂ ಭಾವ ಅನ್ನುತ್ತಿದ್ದೆ, ಊಟದ ಹೊತ್ತಿಗೆ ಉಪ್ಪು ಕೇಳಿದಾಗ ಅಂದಂತೆ.

ಆವತ್ತು, ರನ್‌ವೇ ಗೆರೆ ಹತ್ರಾನೇ ನಿಲ್ಲೇ ಚಂಡಿ, ವಿಮಾನ ಇಳೀತಿದೆ ಅಂದರು. ನನ್ನ ಕಣ್ಣು ರನ್‌ವೇ ಆಚೆ ಕೂತ ಹದ್ದಿನ ಮೇಲಿತ್ತು. ಹ್ಞೂಂ ಭಾವ ಅಂದೆ, ಗೆರೆ ದಾಟಿದೆ. ಹ್ಞೂಂ ಕೇಳಿಸಿತಲ್ಲ ಎಂದು ಅವರು ಬೇರೆ ವಿಮಾನದ ಕಡೆ ತಿರುಗಿದ್ದರು. ಪೈಲಟ್ ಜೀಪನ್ನು ಕಂಡು ಇಳಿಯುತ್ತಿದ್ದ ವಿಮಾನವನ್ನು ಮತ್ತೆ ಮೇಲಕ್ಕೆತ್ತಿದ. ಅದು ನನ್ನ ಮೇಲೆಯೇ ಹಾದುಹೋಯಿತು. ಕಿಟಕಿಗಳಲ್ಲಿ ಮುಖಗಳಿದ್ದವು.

ಬ್ರೇಕ್ ಹಿಡಿಯಲಿಲ್ಲ ಅಂದರೆ ಬ್ರೇಕ್ ಬದಲಿಸಿ ಸುಮ್ಮನಾಗುತ್ತಾರೆ. ಇನ್ನೊಂದು ದಿನ ಯಾರದೋ ತಮ್ಮ, ಯಾರದೋ ಗೆಳೆಯ ಹೀಗೇ ಹ್ಞೂಂ ಅನ್ನುತ್ತಾನೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನನ್ನ ಕೆಲಸ ಹೋಗುತ್ತದೆ, ಭಾವನದ್ದೂ ಹೋಗಬಹುದು. ನೀನು ಎಷ್ಟು ಬೇಕಾದರೂ ಬೈ, ಎದುರು ಮಾತಾಡುವುದಿಲ್ಲ. ಮಗುವನ್ನು ಎತ್ತಿಕೊಳ್ಳಲು ಮಾತ್ರ ಬಿಡು.

ನಿನ್ನ ತಂಗಿ,
ಚಂಡಿ

ಮರೆತಿದ್ದೆ: ಇದನ್ನೆಲ್ಲ ನಿನ್ನೆ ಭಾವನಿಗೆ ಹೇಳಿದೆ. ಅವರು, ನಾನೂ ಅದನ್ನೇ ಹೇಳೋದು ಕಣೇ, ಆದ್ರೆ ನಿಮ್ಮಕ್ಕನಿಗೆ ನೀನೇ ತಿಳಿಸು, ನಂಗೆ ಧೈರ್ಯ ಇಲ್ಲ ಅಂದರು. ವಿಚಾರಣೆಗೆ ನಾಳೆ ಬೆಳಗಿನ ರೈಲಿಗೆ ಇಬ್ಬರೂ ಹೊರಡುತ್ತಿದ್ದೇವೆ.